ತೂಕದಲ್ಲಿಲ್ಲ ವಿಷ

ಕೆರೆಯ ನೀರಿನಲ್ಲಿ ಭಾರಲೋಹ, ಸೊಪ್ಪಿನಲ್ಲಿ ಭಾರಲೋಹ, ಆಟಿಕೆಯ ಬಣ್ಣದಲ್ಲಿ ಭಾರಲೋಹ. ಕನ್ನಡ ಪತ್ರಿಕೆಗಳನ್ನು ಓದುವ ನಮಗೆಲ್ಲ ಈ ಪದ ಈಗ ಹಳೆಯ ಪರಿಚಯ. ಅದು ಬಂದ ಕಡೆಯಲ್ಲೆಲ್ಲ ಅಂಜಿಕೆಯನ್ನು ತರುತ್ತದೆ, ಅರಿವನ್ನು ತರುವುದಿಲ್ಲ. ಯಾವ ಲೋಹ, ಎಷ್ಟು ಪ್ರಮಾಣ, ಯಾವ ಸಂಯುಕ್ತದ ರೂಪ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯುವ ಮೊದಲೇ ವರದಿ ಮುಗಿದಿರುತ್ತದೆ. ಈ ಪದವನ್ನು ನಮ್ಮ ಬರಹ ಕೈಬಿಡಬೇಕು, ಆಯಾ ಧಾತುವಿನ ಹೆಸರನ್ನೇ ಹೇಳುವ ರೂಢಿ ಬೆಳೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯದ ಪರವಾಗಿ ನಾವು ಕರೆಯುವ ಸಾಕ್ಷಿ ಬಿಸ್ಮತ್.

ಮೊದಲು ಪದವನ್ನೇ ಪರಿಶೀಲಿಸೋಣ. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟಕ್ಕಾಗಿ ಜಾನ್ ಡಫಸ್ ಅವರು 2002ರಲ್ಲಿ ಒಂದು ತಾಂತ್ರಿಕ ವರದಿಯನ್ನು ಪ್ರಕಟಿಸಿದರು. ‘ಭಾರಲೋಹ’ ಎಂಬುದು ಅರ್ಥವಿಲ್ಲದ ಪದವೇ ಎಂಬ ಪ್ರಶ್ನೆಯೇ ಆ ವರದಿಯ ಶೀರ್ಷಿಕೆ. ಬೇರೆ ಬೇರೆ ಗ್ರಂಥಗಳಿಂದ ಈ ಪದದ ವ್ಯಾಖ್ಯೆಗಳನ್ನು ಅವರು ಒಟ್ಟುಗೂಡಿಸಿದಾಗ ಒಂದಕ್ಕೊಂದು ತಾಳೆಯಾಗಲಿಲ್ಲ. ಒಬ್ಬರು ಘನ ಸೆಂಟಿಮೀಟರಿಗೆ 4 ಗ್ರಾಂ ಸಾಂದ್ರತೆಯನ್ನು ಎಲ್ಲೆಯೆಂದರೆ ಮತ್ತೊಬ್ಬರು 5 ಎಂದರು, ಇನ್ನೊಬ್ಬರು 7 ಎಂದರು. ಕೆಲವರು ಪರಮಾಣು ತೂಕವನ್ನು ಹಿಡಿದರು, ಕೆಲವರು ನೇರವಾಗಿ ವಿಷಗುಣವನ್ನೇ ಹಿಡಿದರು. ಯಾವ ಅಳತೆಯಿಂದ ನೋಡಿದರೂ ತೂಕಕ್ಕೂ ವಿಷಕ್ಕೂ ನೇರ ಸಂಬಂಧ ಕಾಣಲಿಲ್ಲ.

ಇದನ್ನು ಮನಗಾಣಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಚಿನ್ನದ ಸಾಂದ್ರತೆ 19.3, ಅದನ್ನು ನಾವು ಕೊರಳಿಗೆ ಹಾಕಿಕೊಳ್ಳುತ್ತೇವೆ. ಬೆರಿಲಿಯಂನ ಸಾಂದ್ರತೆ 1.85, ಅಂದರೆ ಅಲ್ಯೂಮಿನಿಯಂಗಿಂತಲೂ ಹಗುರ. ಅದರ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ. ಕ್ಯಾಡ್ಮಿಯಂ ತಾಮ್ರಕ್ಕಿಂತ ಹಗುರವಾದ ಲೋಹ. ಆದರೆ ನೀರು ಕುಡಿಯಲು ನಾವು ಆರಿಸಿಕೊಂಡದ್ದು ತಾಮ್ರದ ತಂಬಿಗೆಯನ್ನು. ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ಶತ್ರು.

ಇನ್ನು ಬಿಸ್ಮತ್. ಅದರ ಪರಮಾಣು ಸಂಖ್ಯೆ 83, ಸಾಂದ್ರತೆ 9.78, ಬೆಳ್ಳಿಗಿಂತ ತುಸು ಹಗುರ, ತಾಮ್ರಕ್ಕಿಂತ ತುಸು ಭಾರ. ಆವರ್ತ ಕೋಷ್ಟಕದಲ್ಲಿ ಅದರ ಅಕ್ಕಪಕ್ಕದ ಮನೆಗಳನ್ನು ನೋಡಿದರೆ ಯಾರಿಗಾದರೂ ಅಳುಕಾಗಬೇಕು. 80ರಲ್ಲಿ ಪಾದರಸ, 81ರಲ್ಲಿ ಒಂದು ಕಾಲದ ಇಲಿಪಾಷಾಣವಾದ ಥ್ಯಾಲಿಯಂ, 82ರಲ್ಲಿ ಸೀಸ, 84ರಲ್ಲಿ ತೀವ್ರ ವಿಕಿರಣ ಸೂಸುವ ಪೊಲೋನಿಯಂ. ಅದೇ ಕಂಬಸಾಲಿನಲ್ಲಿ ತಲೆಯೆತ್ತಿದರೆ ಮೇಲೆ ಆಂಟಿಮನಿ, ಅದರ ಮೇಲೆ ಪಾಷಾಣವೆಂದೇ ನಾವು ಕರೆಯುವ ಆರ್ಸೆನಿಕ್. ಇಷ್ಟು ವಿಷಗಳ ನಡುವೆ ಕುಳಿತ ಬಿಸ್ಮತ್ತಿನ ಸಂಯುಕ್ತಗಳನ್ನು ಹೊಟ್ಟೆಯ ಬೇನೆಗೆ ಔಷಧವಾಗಿ ನುಂಗುತ್ತಾರೆ. ಸಹವಾಸದಿಂದ ಸನ್ಯಾಸಿ ಕೆಟ್ಟ ಎಂಬ ಗಾದೆ ಇಲ್ಲಿ ಸಲ್ಲಲಿಲ್ಲ.

ಏಕೆ ಸಲ್ಲಲಿಲ್ಲ ಎಂಬುದನ್ನು ತಿಳಿಯಬೇಕಾದರೆ ಬಿಸ್ಮತ್ತಿನ ಮನೆತನವನ್ನು ನೋಡಬೇಕು. ಕೋಷ್ಟಕದ 15ನೆಯ ಗುಂಪು ಸಾರಜನಕದಿಂದ ಆರಂಭವಾಗುತ್ತದೆ. ಸಾರಜನಕ ಅನಿಲ, ನಾವು ಉಸಿರಾಡುವ ಗಾಳಿಯ ಶೇಕಡಾ 78 ಭಾಗ. ಅದರ ಕೆಳಗೆ ರಂಜಕ. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಮೂತ್ರವನ್ನು ಕಾಯಿಸಿ ಕಾಯಿಸಿ ಪಡೆದ, ಕತ್ತಲಲ್ಲಿ ಹೊಳೆಯುವ ಅಲೋಹ. ಅನಂತರ ಅರೆಲೋಹಗಳಾದ ಆರ್ಸೆನಿಕ್ ಮತ್ತು ಆಂಟಿಮನಿ, ಕೊನೆಗೆ ಲೋಹವಾದ ಬಿಸ್ಮತ್. 2003ರಲ್ಲಿ ರಷ್ಯಾದ ಡುಬ್ನಾದಲ್ಲಿ ಮನುಷ್ಯರು ತಯಾರಿಸಿದ ಮಾಸ್ಕೋವಿಯಂ ಇನ್ನೂ ಕೆಳಗಿದೆ. ಆದರೆ ಅದು ಬದುಕುವುದೇ ಕ್ಷಣಮಾತ್ರ. ಅನಿಲದಿಂದ ಲೋಹದವರೆಗಿನ ಇಡೀ ಪಯಣ ಒಂದೇ ಕಂಬಸಾಲಿನೊಳಗೆ ನಡೆದುಹೋಗುತ್ತದೆ.

ಇವೆಲ್ಲಕ್ಕೂ ಸಮಾನವಾದುದು ಹೊರಕವಚದ ಐದು ಎಲೆಕ್ಟ್ರಾನುಗಳು. ಆದರೆ ಆಸ್ತಿ ಒಂದೇ ಆದರೂ ಬಳಕೆ ಒಂದೇ ಅಲ್ಲ. ಸಾರಜನಕ ಮತ್ತು ರಂಜಕದ ಆಕ್ಸೈಡುಗಳು ನೀರಿನೊಡನೆ ಆಮ್ಲಗಳನ್ನು ಕೊಡುತ್ತವೆ. ಆರ್ಸೆನಿಕ್ ಮತ್ತು ಆಂಟಿಮನಿಯ ಆಕ್ಸೈಡುಗಳು ಆಮ್ಲದೊಡನೆಯೂ ಕ್ಷಾರದೊಡನೆಯೂ ವ್ಯವಹರಿಸುತ್ತವೆ. ಬಿಸ್ಮತ್ತಿನ ಆಕ್ಸೈಡ್ ಪೂರಾ ಕ್ಷಾರದ ಕಡೆಗೆ ಸರಿದು ನಿಲ್ಲುತ್ತದೆ. ಹೈಡ್ರೋಜನ್ನಿನೊಡನೆ ಸಾರಜನಕ ಕಟ್ಟುವ ಅಮೋನಿಯ ಗಟ್ಟಿಯಾದ ಸಂಸಾರ; ಕೆಳಗಿಳಿದಂತೆ ಆ ಬಂಧ ಸಡಿಲಗೊಳ್ಳುತ್ತ ಬಂದು ಬಿಸ್ಮತ್ತಿನಲ್ಲಿ ಕೋಣೆಯ ಉಷ್ಣತೆಯಲ್ಲಿಯೂ ನಿಲ್ಲದಷ್ಟು ದುರ್ಬಲವಾಗುತ್ತದೆ. ಮೇಲಿನವರು ಐದು ಎಲೆಕ್ಟ್ರಾನುಗಳನ್ನೂ ಬಂಧಕ್ಕೆ ಸುಲಭವಾಗಿ ತೊಡಗಿಸುತ್ತಾರೆ. ಬಿಸ್ಮತ್ ಸಾಮಾನ್ಯವಾಗಿ ಮೂರನ್ನು ಮಾತ್ರ ಕೊಡುತ್ತದೆ, ಎರಡನ್ನು ಒಳಗೆ ಉಳಿಸಿಕೊಳ್ಳುತ್ತದೆ. ಬಲವಂತವಾಗಿ ಐದನ್ನೂ ಕಿತ್ತುಕೊಂಡ ಸೋಡಿಯಂ ಬಿಸ್ಮತೇಟಿನಂತಹ ಸಂಯುಕ್ತ, ಕಳೆದುಕೊಂಡದ್ದನ್ನು ಮರಳಿ ಪಡೆಯಲು ಹಾತೊರೆಯುತ್ತದೆ. ಮ್ಯಾಂಗನೀಸಿನ ತಿಳಿದ್ರಾವಣಕ್ಕೆ ಅದನ್ನು ಹಾಕಿದರೆ ಪರ್ಮಾಂಗನೇಟಿನ ನೇರಳೆ ಬಣ್ಣ ಏಳುವುದು ಇದೇ ಕಾರಣಕ್ಕೆ.

ಆ ಎರಡು ಎಲೆಕ್ಟ್ರಾನುಗಳನ್ನು ಹಿಡಿದಿಡುವ ಶಕ್ತಿಯಲ್ಲಿ ಐನ್‌ಸ್ಟೈನರ ಸಾಪೇಕ್ಷತೆಯ ಪಾಲೂ ಇದೆ. 83 ಪ್ರೋಟಾನುಗಳ ಸೆಳೆತದಲ್ಲಿ ಬಿಸ್ಮತ್ತಿನ ಅತ್ಯಂತ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಸುಮಾರು ಶೇಕಡಾ 60ರಷ್ಟಾಗುತ್ತದೆ. ಆಗ ಅವುಗಳ ಕಕ್ಷೆ ಕುಗ್ಗುತ್ತದೆ. ಅದೇ ಬಗೆಯ ಹೊರಗಿನ ಕಕ್ಷೆಯೂ ಒಳಕ್ಕೆ ಸೆಳೆಯಲ್ಪಟ್ಟು ಅಲ್ಲಿನ ಜೋಡಿ ಎಲೆಕ್ಟ್ರಾನುಗಳು ಬಂಧಕ್ಕೆ ಒಲ್ಲೆನ್ನುತ್ತವೆ. ಅಂದರೆ ಭಾರವು ಬಿಸ್ಮತ್ತಿನ ಸ್ವಭಾವವನ್ನು ತಿದ್ದಿರುವುದು ನಿಜ, ಆದರೆ ವಿಷದ ಕಡೆಗೆ ಅಲ್ಲ. ಪಕ್ಕದ ಸೀಸದಲ್ಲಿಯೂ ಇದೇ ಪರಿಣಾಮವಿದೆ. ಅಲ್ಲಿ ಉಳಿಯುವ ಎರಡು ಧನವಿದ್ಯುದಂಶದ ಅಯಾನು ದೇಹದಲ್ಲಿ ಕ್ಯಾಲ್ಸಿಯಂನ ವೇಷ ಹಾಕಿ ಮೂಳೆಯನ್ನು ಹೊಕ್ಕು ದಶಕಗಳ ಕಾಲ ಬೀಡುಬಿಡುತ್ತದೆ. ಬಿಸ್ಮತ್ತಿನ ಅಯಾನಾದರೋ ನೀರು ಕಂಡೊಡನೆ ಕರಗದ ಬಿಳಿ ಲವಣವಾಗಿ ಕೂಡುತ್ತದೆ, ಕರುಳನ್ನು ದಾಟುವುದು ಅತ್ಯಲ್ಪ. ಒಂದೇ ಅಂಕಿಯ ಅಂತರದ ಎರಡು ನೆರೆಮನೆಗಳ ನಡುವೆ ಇಷ್ಟು ದೊಡ್ಡ ವ್ಯತ್ಯಾಸವಿದೆ.

ರಸಾಯನಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವರಿಗೆ ಈ ಬಿಳಿಯ ನೆನಪಿರಬಹುದು. ಲವಣಪರೀಕ್ಷೆಯಲ್ಲಿ ಕಿಪ್ ಉಪಕರಣದಿಂದ ಬರುವ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಹಾಯಿಸಿದಾಗ ಸೀಸ, ತಾಮ್ರ, ಬಿಸ್ಮತ್ ಮೂರೂ ಕಪ್ಪಾದ ಗಸಿಯಾಗಿ ಇಳಿಯುತ್ತವೆ. ಕಣ್ಣಿಗೆ ಎಲ್ಲವೂ ಒಂದೇ. ಅಲ್ಲಿಗೇ ನಿಲ್ಲದೆ ಮುಂದುವರಿದು, ಬಿಸ್ಮತ್ ಕ್ಲೋರೈಡಿನ ದ್ರಾವಣವನ್ನು ಹೆಚ್ಚು ನೀರಿಗೆ ಸುರಿದರೆ ಹಾಲಿನಂತಹ ಬಿಳುಪು ಏಳುತ್ತದೆ. ಆಗ ಇದು ಬಿಸ್ಮತ್ ಎಂದು ಬರೆಯಲು ಅಪ್ಪಣೆ ಸಿಗುತ್ತದೆ. ಕಪ್ಪು ಗಸಿಯನ್ನು ಕಂಡೊಡನೆ ಉತ್ತರ ಬರೆದ ವಿದ್ಯಾರ್ಥಿಗೆ ಅಂಕವಿರಲಿಲ್ಲ. ಔಷಧಗಳ ಶುದ್ಧತೆಯನ್ನು ನೋಡಲು ಅಮೆರಿಕದ ಔಷಧಕೋಶ ಬಹುಕಾಲ ಬಳಸಿದ ‘ಭಾರಲೋಹ’ ಪರೀಕ್ಷೆ ಹೆಚ್ಚುಕಡಿಮೆ ಈ ಕಪ್ಪಿನ ಹೋಲಿಕೆಯೇ ಆಗಿತ್ತು. 2018ರ ಜನವರಿ 1ರಿಂದ ಅದು ಆ ಪರೀಕ್ಷೆಯನ್ನು ಕೈಬಿಟ್ಟು, ಒಂದೊಂದು ಧಾತುವನ್ನೂ ಬೇರೆಯಾಗಿ ಅಳೆದು ಬೇರೆ ಮಿತಿ ವಿಧಿಸುವ ಪದ್ಧತಿಗೆ ಬಂದಿತು. ಔಷಧಕೋಶ ಬಿಟ್ಟ ಪದವನ್ನು ನಮ್ಮ ಬರಹ ಇನ್ನೂ ಹೊತ್ತಿರುವುದೇಕೆ?

ಹೆಸರನ್ನು ತಪ್ಪಾಗಿ ಇಟ್ಟ ಇತಿಹಾಸ ಬಿಸ್ಮತ್ತಿಗೆ ಹೊಸದಲ್ಲ. ಯೂರೋಪಿನವರು ಶತಮಾನಗಳ ಕಾಲ ಅದನ್ನು ಸೀಸದ ಒಂದು ಬಗೆಯೆಂದೋ ತವರದ ಒಂದು ಬಗೆಯೆಂದೋ ಭಾವಿಸಿದ್ದರು. ಬಿಸ್ಮತ್ತೆಂದರೆ ಭೂಮಿಯ ಬಸಿರಿನಲ್ಲಿ ಇನ್ನೂ ಮಾಗದ ಬೆಳ್ಳಿ ಎಂದು ಗಣಿಗಾರರು ನಂಬಿದ್ದರು. ಅದು ಸಿಕ್ಕಿದರೆ ತಾವು ಅವಸರಪಟ್ಟೆವೆಂದು ಮರುಗುತ್ತಿದ್ದರಂತೆ. ಅದು ಸೀಸದಿಂದ ಬೇರೆಯಾದ ಧಾತು ಎಂಬುದನ್ನು ಫ್ರಾನ್ಸಿನ ಕ್ಲೋಡ್ ಫ್ರಾನ್ಸ್ವಾ ಜಿಯೋಫ್ರಾಯ್ 1753ರಲ್ಲಿ ತೋರಿಸಿಕೊಟ್ಟರು. ಹೆಸರು ಬೇರೆಯಾದ ಮೇಲೆಯೇ ಗುಣಗಳು ಬೇರೆಯಾಗಿ ಕಾಣತೊಡಗಿದವು.

ಆ ಗುಣಗಳಾದರೂ ಎಂಥವು! 271 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ಬಿಸ್ಮತ್, ಹೆಪ್ಪುಗಟ್ಟುವಾಗ ನೀರಿನಂತೆ ಹಿಗ್ಗುತ್ತದೆ; ಘನ ಬಿಸ್ಮತ್ತು ತನ್ನದೇ ದ್ರವದ ಮೇಲೆ ತೇಲುತ್ತದೆ. ಕೆಂಪು ಛಾಯೆಯ ಬಿಳಿ ಮೈ, ಸುತ್ತಿಗೆಯ ಪೆಟ್ಟಿಗೆ ತಗಡಾಗದೆ ಚೂರಾಗುವ ಸ್ವಭಾವ. ನಿಧಾನವಾಗಿ ಹರಳುಗಟ್ಟಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆದು, ಮೇಲ್ಮೈಯ ತೆಳು ಆಕ್ಸೈಡ್ ಪೊರೆಯಲ್ಲಿ ನವಿಲುಬಣ್ಣಗಳು ಮೂಡುತ್ತವೆ. ಅಯಸ್ಕಾಂತವನ್ನು ಇಷ್ಟು ಬಲವಾಗಿ ದೂರ ತಳ್ಳುವ ಲೋಹ ಇನ್ನೊಂದಿಲ್ಲ. ಉಷ್ಣತೆಯ ವ್ಯತ್ಯಾಸದಿಂದ ವಿದ್ಯುತ್ತು ಹುಟ್ಟುವ ವಿದ್ಯಮಾನವನ್ನು ಸೀಬೆಕ್ 1821ರಲ್ಲಿ ಕಂಡದ್ದೂ ಬಿಸ್ಮತ್ತಿನ ನೆರವಿನಿಂದಲೇ. ಮುಂಬಯಿಯ ಓದುಗರು ಇನ್ನೊಂದು ಸಂಗತಿಯನ್ನು ತಮ್ಮೂರಿನ ಹೆಮ್ಮೆಯಾಗಿ ನೆನೆಯಬಹುದು. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎಸ್. ರಾಮಕೃಷ್ಣನ್ ಅವರ ತಂಡ, ಶುದ್ಧ ಬಿಸ್ಮತ್ ಹರಳು ಕೆಲ್ವಿನ್ ಮಾನದ 0.00053ಕ್ಕಿಂತ ಕೆಳಗೆ ಎಲ್ಲ ವಿದ್ಯುತ್ ರೋಧವನ್ನೂ ತೊರೆದು ಅತಿವಾಹಕವಾಗುವುದನ್ನು 2016ರ ಕೊನೆಯಲ್ಲಿ ಪ್ರಕಟಿಸಿತು. ಬಿಸ್ಮತ್ತಿನಲ್ಲಿ ಚಲಿಸಬಲ್ಲ ಎಲೆಕ್ಟ್ರಾನ್ ಸುಮಾರು ಲಕ್ಷ ಪರಮಾಣುಗಳಿಗೆ ಒಂದರಂತೆ ಮಾತ್ರ ಇರುವುದರಿಂದ, ಅತಿವಾಹಕತೆಯ ರೂಢಿಯ ಸಿದ್ಧಾಂತ ಇದನ್ನು ವಿವರಿಸಲಾರದು.

‘ಸ್ಥಿರ’ ಎಂಬ ಬಿರುದೂ ಬಿಸ್ಮತ್ತಿನಲ್ಲಿ ತಿದ್ದುಪಡಿಗೊಳಗಾಯಿತು. ಸ್ಥಿರ ಧಾತುಗಳಲ್ಲಿ ಅತ್ಯಂತ ಭಾರವಾದುದು ಬಿಸ್ಮತ್ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತ ಬಂದವು. 2003ರಲ್ಲಿ ಫ್ರಾನ್ಸಿನ ಓರ್ಸೇಯ ವಿಜ್ಞಾನಿಗಳು ಬಿಸ್ಮತ್-209 ಕೂಡ ಆಲ್ಫಾ ಕಣವನ್ನು ಉಗುಳಿ ಥ್ಯಾಲಿಯಂ ಆಗುತ್ತದೆಂದು ಅಳೆದು ತೋರಿಸಿದರು. ಅದರ ಅರ್ಧಾಯುಷ್ಯ 19ರ ಮುಂದೆ ಹದಿನೆಂಟು ಸೊನ್ನೆ ಬರೆದಷ್ಟು ವರ್ಷ. ವಿಶ್ವದ ಈವರೆಗಿನ ವಯಸ್ಸಿನ ನೂರು ಕೋಟಿ ಪಟ್ಟಿಗೂ ಮಿಗಿಲು. ಮನುಷ್ಯನ ಆರೋಗ್ಯದ ಲೆಕ್ಕದಲ್ಲಿ ಇದು ಶೂನ್ಯಕ್ಕೆ ಸಮ. ‘ವಿಕಿರಣಶೀಲ’ ಎಂಬ ಇನ್ನೊಂದು ಅಂಜಿಸುವ ಪದವನ್ನು ಇದಕ್ಕೆ ಅಂಟಿಸಿ, ಅರ್ಧಾಯುಷ್ಯವನ್ನು ಹೇಳದೆ ಬಿಟ್ಟರೆ, ಹೇಳಿದ್ದು ಸತ್ಯವೇ ಆದರೂ ತಿಳಿಸಿದ್ದು ಸುಳ್ಳೇ ಆಗುತ್ತದೆ. ಅಳತೆಯಿಲ್ಲದ ವಿಶೇಷಣಕ್ಕೆ ಇರುವ ಅಪಾಯ ಇದು.

ಹಾಗೆಂದು ನಾವು ಬಿಸ್ಮತ್ತಿಗೆ ನಿರ್ದೋಷಿಯೆಂಬ ಪ್ರಮಾಣಪತ್ರ ಬರೆದುಕೊಡುತ್ತಿಲ್ಲ. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಿಂದ ಹೊಟ್ಟೆಯ ಔಷಧವಾಗಿ ಬಂದ ಅದು, ಇಂದು ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಹುಣ್ಣುಕಾರಕ ಬ್ಯಾಕ್ಟೀರಿಯದ ವಿರುದ್ಧ ಬೇರೆ ಔಷಧಗಳ ಜೊತೆ ಕೊಡುವ ಚಿಕಿತ್ಸೆಯಲ್ಲಿಯೂ ಇದೆ. ಅದನ್ನು ಸೇವಿಸಿದವರ ನಾಲಗೆ ಕೆಲಕಾಲ ಕಪ್ಪಾಗುವುದು ಬಿಸ್ಮತ್ ಸಲ್ಫೈಡಿನಿಂದ, ಭಯಪಡುವಂಥದ್ದಲ್ಲ. ಆದರೆ 1970ರ ದಶಕದ ಫ್ರಾನ್ಸಿನಲ್ಲಿ ಜನ ಬಿಸ್ಮತ್ ಲವಣಗಳನ್ನು ತಿಂಗಳುಗಟ್ಟಲೆ, ದೊಡ್ಡ ಪ್ರಮಾಣದಲ್ಲಿ ನುಂಗಿದಾಗ ನೂರಾರು ಮಂದಿಯ ಮಿದುಳಿಗೆ ತೊಂದರೆಯಾಯಿತು. ಗೊಂದಲ, ನಡುಕ, ಸೆಳವು ಕಾಣಿಸಿಕೊಂಡವು, ಕೆಲವರು ಸತ್ತರು. ಸೇವನೆ ನಿಲ್ಲಿಸಿದ ಹೆಚ್ಚಿನವರು ಚೇತರಿಸಿಕೊಂಡರು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಬಿಸ್ಮತ್ತಿಗೂ ಅನ್ವಯಿಸುತ್ತದೆ. ನಮ್ಮ ವಾದಕ್ಕೆ ಇದು ವಿರುದ್ಧವಲ್ಲ, ಪೂರಕ. ಇಲ್ಲಿಯೂ ತಿಳಿಯಬೇಕಾದದ್ದು ಹೆಸರು, ಪ್ರಮಾಣ, ರೂಪ, ತೂಕವಲ್ಲ.

ಇದು ಪದಗಳ ಚೌಕಾಸಿಯಷ್ಟೇ ಅಲ್ಲ ಎನ್ನುವುದಕ್ಕೆ ಕಾರಣ ಸೀಸ. ಯುನಿಸೆಫ್ 2020ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಜಗತ್ತಿನ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಸೀಸ ಆತಂಕದ ಮಟ್ಟದಲ್ಲಿದೆ. ಅವರಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳು ಭಾರತದವರು. ನಮ್ಮ ದೇಶ 2000ದಲ್ಲಿ ಪೆಟ್ರೋಲಿನಿಂದ ಸೀಸವನ್ನು ತೆಗೆಯಿತು; ಮನೆಬಣ್ಣಗಳಲ್ಲಿ ಅದು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ತಜ್ಞ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯದಲ್ಲಿ ದಶಕಗಳಿಂದ ಎಚ್ಚರಿಸುತ್ತ ಬಂದರು. ಅವರು ಜನರ ಮುಂದಿಟ್ಟದ್ದು ‘ಸೀಸ’ ಎಂಬ ಹೆಸರನ್ನು. ಹೆಸರು ಹೇಳಿದ್ದರಿಂದಲೇ ಇಂಥ ಬಣ್ಣ, ಇಂಥ ಬ್ಯಾಟರಿ, ಇಂಥ ಪಾತ್ರೆ ಎಂದು ಬೆರಳು ಮಾಡಲು ಸಾಧ್ಯವಾಯಿತು. ಭಾರಲೋಹವೆಂದು ಹೇಳಿದ್ದರೆ ತಾಯಿಯೊಬ್ಬಳು ಮನೆಯಿಂದ ಏನನ್ನು ಹೊರಗೆ ಎಸೆಯಬೇಕಿತ್ತು?

ಹೆಸರಿನ ಗೊಂದಲ ಕಣ್ಣಿಗೇ ವಿಷವಿಟ್ಟ ಉದಾಹರಣೆ ಬಿಸ್ಮತ್ತಿನ ಬಂಧುವಾದ ಆಂಟಿಮನಿಯಲ್ಲಿದೆ. ಸುರ್ಮಾ ಎಂದರೆ ಆಂಟಿಮನಿಯ ಸಲ್ಫೈಡ್ ಎಂಬುದು ಹಳೆಯ ತಿಳಿವಳಿಕೆ. ಪರೀಕ್ಷೆಗೆ ಒಳಪಡಿಸಿದಾಗ ಮಾರುಕಟ್ಟೆಯ ಅನೇಕ ಮಾದರಿಗಳಲ್ಲಿ ಕಂಡದ್ದು ಸೀಸದ ಸಲ್ಫೈಡ್. ಎರಡೂ ಕಪ್ಪು, ಎರಡೂ ಹೊಳೆಯುವ ಪುಡಿ, ಎರಡೂ ‘ಭಾರ’. ಕೂಸಿನ ಕಣ್ಣಿಗೆ ಹಚ್ಚುವ ಕೈಗೆ ಇವೆರಡರ ವ್ಯತ್ಯಾಸ ತಿಳಿಯಬೇಕಾದರೆ ಹೆಸರಲ್ಲದೆ ಬೇರೆ ದಾರಿಯಿಲ್ಲ.

ಸೀಸವನ್ನು ಹೊರಹಾಕಬೇಕಾದ ಹಲವು ಜಾಗಗಳಲ್ಲಿ ಅದರ ಬದಲು ಬಂದು ನಿಲ್ಲಬಲ್ಲದ್ದು ಬಿಸ್ಮತ್ತೇ. ಅಮೆರಿಕದಲ್ಲಿ ಕುಡಿಯುವ ನೀರಿನ ನಲ್ಲಿಗಳ ಹಿತ್ತಾಳೆಯಲ್ಲಿ ಸೀಸ ಸರಾಸರಿ ಶೇಕಡಾ 0.25 ಮೀರಬಾರದೆಂಬ ಕಾನೂನು 2014ರಲ್ಲಿ ಜಾರಿಯಾದಾಗ, ಹಿತ್ತಾಳೆಯನ್ನು ಕಡೆಯಲು ಸುಲಭಗೊಳಿಸುವ ಸೀಸದ ಕೆಲಸವನ್ನು ಕೆಲವು ಮಿಶ್ರಲೋಹಗಳಲ್ಲಿ ಬಿಸ್ಮತ್ ವಹಿಸಿಕೊಂಡಿತು. ಹಳದಿ ಬಣ್ಣಕ್ಕೆ ಸೀಸದ ಕ್ರೋಮೇಟಿನ ಬದಲು ಬಿಸ್ಮತ್ ವನಾಡೇಟ್ ಇದೆ. ಬಾತುಗಳನ್ನು ಬೇಟೆಯಾಡುವ ಬಂದೂಕಿನ ಚರೆಯಲ್ಲಿ, ಬೆಸುಗೆಯಲ್ಲಿ ಕೂಡ ಬಿಸ್ಮತ್ ಬಂದಿದೆ. ಅಡುಗೆಮನೆಯ ಪ್ರೆಶರ್ ಕುಕ್ಕರಿನ ಸೇಫ್ಟಿ ವಾಲ್ವನ್ನೇ ನೋಡಿ. ಅದರ ನಡುವೆ ಕಡಿಮೆ ಶಾಖಕ್ಕೆ ಕರಗುವ ಮಿಶ್ರಲೋಹದ ಪುಟ್ಟ ಬಿರಡೆ ಇರುತ್ತದೆ. ನೀರು ಆರಿಹೋಗಿ ಶಾಖ ಮೀರಿದರೆ ಅದು ಕರಗಿ ಆವಿಗೆ ದಾರಿಬಿಡುತ್ತದೆ. ಇಂತಹ ಮಿಶ್ರಲೋಹಗಳ ಮನೆತನಕ್ಕೆ ಬಿಸ್ಮತ್ತೇ ಹಿರಿಯ. ಕುಕ್ಕರಿನೊಳಗಿನ ಶಾಖ ಸುಮಾರು 120 ಡಿಗ್ರಿ. ಶೇಕಡಾ 58 ಬಿಸ್ಮತ್ ಮತ್ತು 42 ತವರದ ಮಿಶ್ರಣ ಕರಗುವುದು 138 ಡಿಗ್ರಿಯಲ್ಲಿ. ಇಲ್ಲಿಯೂ ಹೆಸರು ಮುಖ್ಯ: 70 ಡಿಗ್ರಿಗೆ ಕರಗುವ ವುಡ್ ಲೋಹದಲ್ಲಿ ಬಿಸ್ಮತ್ತಿನ ಜೊತೆ ಸೀಸ ಮತ್ತು ಕ್ಯಾಡ್ಮಿಯಂ ಇವೆ, 62 ಡಿಗ್ರಿಗೆ ಕರಗುವ ಫೀಲ್ಡ್ ಲೋಹದಲ್ಲಿ ಬಿಸ್ಮತ್ತಿನ ಜೊತೆಗಿರುವುದು ಇಂಡಿಯಂ ಮತ್ತು ತವರ ಮಾತ್ರ.

ಒಂದು ತೊಡಕನ್ನು ಮರೆಮಾಚಬಾರದು. ಬಿಸ್ಮತ್ತಿಗಾಗಿಯೇ ತೋಡುವ ಗಣಿಗಳು ತೀರ ವಿರಳ. ಬಹುಪಾಲು ಬಿಸ್ಮತ್ ದೊರೆಯುವುದು ಸೀಸವನ್ನು ಶುದ್ಧಿಗೊಳಿಸುವಾಗ ಉಪೋತ್ಪನ್ನವಾಗಿ, ಸ್ವಲ್ಪ ತಾಮ್ರ ಮತ್ತು ಟಂಗ್‌ಸ್ಟನ್ ಅದಿರುಗಳ ಜೊತೆಗೆ. ಅಂದರೆ ಸೀಸವನ್ನು ಓಡಿಸಲು ಬಂದವನು ಸೀಸದ ಮನೆಯಿಂದಲೇ ಹೊರಡಬೇಕು. ಸೀಸ ಪೂರ್ತಿ ನಿಂತರೆ ಬಿಸ್ಮತ್ತೂ ಸೊರಗುತ್ತದೆ. ಉತ್ಪಾದನೆಯಲ್ಲಿ ಚೀನಾದ್ದೇ ಸಿಂಹಪಾಲು. 2025ರ ಫೆಬ್ರವರಿಯಲ್ಲಿ ಆ ದೇಶ ಬಿಸ್ಮತ್ತಿನ ರಫ್ತಿನ ಮೇಲೆ ನಿಯಂತ್ರಣ ಹೇರಿತು. ಭಾರತ 2023ರಲ್ಲಿ ಪ್ರಕಟಿಸಿದ 30 ನಿರ್ಣಾಯಕ ಖನಿಜಗಳ ಪಟ್ಟಿಯಲ್ಲಿ ಬಿಸ್ಮತ್, ಆಂಟಿಮನಿ, ರಂಜಕ ಮೂರೂ ಇವೆ. ಒಂದೇ ಗುಂಪಿನ ಮೂವರನ್ನು ಸರಕಾರ ಮೂರು ಹೆಸರುಗಳಾಗಿಯೇ ಬರೆದುಕೊಂಡಿದೆ. ಬೇಕೆನಿಸಿದಾಗ ಹೆಸರು ಹಿಡಿದು ಕರೆಯುವ ನಾವು ಅಂಜಿಕೆಯಾದಾಗ ಮಾತ್ರ ಒಟ್ಟಾಗಿ ದೂರುತ್ತೇವೆ.

ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. ಸಾಮಾನ್ಯ ಓದುಗನಿಗೆ ಇಷ್ಟು ಹೆಸರುಗಳೇಕೆ, ಒಂದು ಪದದಲ್ಲಿ ಎಚ್ಚರಿಕೆ ಮುಟ್ಟಿದರೆ ಸಾಲದೆ ಎನ್ನುವವರಿದ್ದಾರೆ. ಎಚ್ಚರಿಕೆ ಮುಟ್ಟುವುದಾದರೆ ಸಾಕಿತ್ತು. ಮುಟ್ಟುತ್ತಿರುವುದು ಅಸ್ಪಷ್ಟ ಭೀತಿ. ಭೀತಿ ಹಳತಾದರೆ ಉದಾಸೀನವಾಗುತ್ತದೆ, ಉದಾಸೀನದ ಲಾಭ ಕಲುಷಿತಗೊಳಿಸುವವನಿಗೆ ಸೇರುತ್ತದೆ. ಇನ್ನು ಹೆಸರುಗಳು ಜನರಿಗೆ ಹೊರೆಯೆಂಬ ಮಾತು ಕನ್ನಡದ ಮಟ್ಟಿಗೆ ನಿಜವಲ್ಲ. ಸೀಸ, ತವರ, ಪಾದರಸ, ಪಾಷಾಣ ನಮ್ಮ ಅಜ್ಜಿಯರು ಬಲ್ಲ ಪದಗಳು. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರು ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರು ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರತಂದಾಗ, ಸಾಮಾನ್ಯ ಓದುಗನಿಗೆ ನಿಖರವಾದ ಮಾತು ಅರ್ಥವಾಗುತ್ತದೆಂಬ ನಂಬಿಕೆಯಿಂದಲೇ ಹೊರಟಿದ್ದರು. ಆ ನಂಬಿಕೆಯನ್ನು ಕೈಬಿಡಲು ಈ ನೂರು ವರ್ಷಗಳಲ್ಲಿ ಯಾವ ಕಾರಣವೂ ಒದಗಿಲ್ಲ. ದಕ್ಷಿಣದಿಂದ ಬಂದವರನ್ನೆಲ್ಲ ಒಂದೇ ಹೆಸರಿನಿಂದ ಕರೆದು ಮುಗಿಸುತ್ತಿದ್ದ ಊರುಗಳಲ್ಲಿ ಬಾಳಿದ ಹಿರಿಯರು ನಮ್ಮ ನಡುವೆ ಇದ್ದಾರೆ; ಒಟ್ಟು ಹೆಸರಿನಲ್ಲಿ ಏನೆಲ್ಲ ಅಳಿಸಿಹೋಗುತ್ತದೆಂದು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾವು ಕೇಳುವುದು ಸಣ್ಣದು. ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರು, ಅನುವಾದಿಸುವವರು, ವರದಿ ಮಾಡುವವರು ಮೂಲದಲ್ಲಿ ‘ಭಾರಲೋಹ’ಕ್ಕೆ ಸಮನಾದ ಪದ ಕಂಡಾಗ ಒಂದು ಕ್ಷಣ ತಡೆದು, ಕೆಳಗಿನ ಕೋಷ್ಟಕವನ್ನು ನೋಡಲಿ. ಸಾಮಾನ್ಯವಾಗಿ ಅಲ್ಲಿ ಸೀಸ ಇಷ್ಟು, ಕ್ಯಾಡ್ಮಿಯಂ ಇಷ್ಟು ಎಂಬ ವಿವರ ಇದ್ದೇ ಇರುತ್ತದೆ. ಅದನ್ನೇ ಹಾಗೆಯೇ ಬರೆಯಲಿ, ಅನುಮತಿಸಿದ ಮಿತಿ ಎಷ್ಟೆಂದು ಪಕ್ಕದಲ್ಲಿ ಸೇರಿಸಲಿ. ಓದುಗರಾದ ನಾವು ಹೆಸರಿಲ್ಲದ ವರದಿಯನ್ನು ಕಂಡಾಗ ಸಂಪಾದಕರಿಗೆ ಎರಡು ಸಾಲಿನ ಪತ್ರ ಬರೆಯೋಣ: ಯಾವ ಲೋಹ, ಎಷ್ಟು? ಊರಿನಲ್ಲಿರುವ ಅಕ್ಕತಂಗಿಯರು ಇದೇ ವರದಿಯನ್ನು ಓದಿ ಮಕ್ಕಳಿಗೆ ಯಾವ ಸೊಪ್ಪು ಬೇಯಿಸಬೇಕು, ಯಾವ ಆಟಿಕೆ ಕೊಳ್ಳಬೇಕು ಎಂದು ತೀರ್ಮಾನಿಸುತ್ತಾರೆ. ಅವರಿಗೆ ಬೇಕಾದ ಉತ್ತರ ಆ ಎರಡು ಪ್ರಶ್ನೆಗಳಲ್ಲಿದೆ.